ನಾಚಿಕೆ ಬಿಟ್ಟು ಆಡಬೇಕಾದ ಮಾತು

(ಸೊರಡಿಯಲ್ಲಿ ಸೇರಿದ ತೋಟದ ಕೂಲಿ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳು)



ಈ ಹೊತ್ತು ನಾನು ಆಡುವ ಮಾತು ಊಟಕ್ಕೆ ಮುಂಚೆ ಆಡುವಂಥದಲ್ಲ. ಮಕ್ಕಳು ಕೇಳಿ ನಕ್ಕರೆ ನಗಲಿ, ಬೈಯಬೇಡಿರಿ. ಈ ಮಾತನ್ನು ಎರಡು ವರ್ಷ ನಾಚಿಕೆಯಿಂದ ಬಾಯೊಳಗೆ ಇಟ್ಟುಕೊಂಡು ನಾನು ಬಹಳ ಕಷ್ಟಪಟ್ಟೆನು. ನಿಮ್ಮಲ್ಲಿ ಯಾರೂ ಹಾಗೆ ಕಷ್ಟಪಡಬಾರದೆಂದು ಎದ್ದು ನಿಂತಿದ್ದೇನೆ.

ನಾನು ಇದೇ ಸೊರಡಿಯಲ್ಲಿ ಹುಟ್ಟಿದವನು. ಜತ್ತ ತಾಲೂಕಿನ ಬರ ನಿಮಗೆ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಕೆಲವರು ಕಬ್ಬು ಕಡಿಯಲಿಕ್ಕೆ ಹೋದರು, ಕೆಲವರು ದ್ರಾಕ್ಷಿ, ದಾಳಿಂಬೆ ತೋಟಗಳ ಕೂಲಿ ಹಿಡಿದರು. ನಾನು ಹೆಂಡತಿಯನ್ನು ಕರಕೊಂಡು ಚಿಕ್ಕಮಗಳೂರು ಕಡೆಯ ಕಾಫಿ ತೋಟ ಸೇರಿದೆನು. ಅಲ್ಲಿ ಲೈನು ಮನೆಯಲ್ಲಿರುವಾಗ ನನಗೆ ಹೊರಕಡೆಗೆ ಹೋದಾಗಲೆಲ್ಲ ರಕ್ತ ಬೀಳಲಾರಂಭಿಸಿತು. ಮೂಲವ್ಯಾಧಿ ಎಂದು ತಿಳಿದು ಎಂಟು ತಿಂಗಳು ಬೇರಿನ ಔಷಧ ಕುಡಿದೆನು. ಕಡೆಗೆ ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಬೆರಳಿಟ್ಟು ನೋಡಿ, ಚೂರು ತೆಗೆದು ಪರೀಕ್ಷಿಸಿ, ಗುದನಾಳದ ಕ್ಯಾನ್ಸರ್ ಎಂದು ಹೇಳಿದರು. ರಕ್ತ ಬೀಳುವದೆಲ್ಲ ಮೂಲವ್ಯಾಧಿಯಲ್ಲ. ಎರಡು ಮೂರು ವಾರ ಕಂಡರೆ ಡಾಕ್ಟರಿಗೆ ತೋರಿಸಿರಿ. ನನ್ನ ಹಾಗೆ ತಿಂಗಳು ಕಳೆಯಬೇಡಿರಿ.

ಮೊದಲು ರೇಡಿಯೇಶನ್ ಕೊಟ್ಟರು, ನಂತರ ಆಪರೇಶನ್ ಮಾಡಿದರು. ಕೂಡಿಸಿದ ಜಾಗ ಮಾಯಲೆಂದು ಹೊಟ್ಟೆಯ ಮೇಲೆ ಸಣ್ಣ ಕರುಳನ್ನು ಹೊರಗೆ ತೆಗೆದು ಚೀಲ ಕಟ್ಟಿದರು. ಕೆಲವು ತಿಂಗಳ ಮೇಲೆ ಅದನ್ನು ಒಳಗೆ ಸೇರಿಸಿ ಮುಚ್ಚಿದರು. ಚೀಲ ಹೋದ ದಿನ ಹೆಂಡತಿ ಹುಗ್ಗಿ ಮಾಡಿದಳು. ನನ್ನ ಕಷ್ಟ ಮುಗಿಯಿತೆಂದುಕೊಂಡೆನು. ಮುಂದೆ ಹೀಗೆ ಹೀಗೆ ಆಗುವದೆಂದು ಅಲ್ಲಿ ಯಾರಾದರೂ ಹೇಳಿದ್ದರೋ ಏನೋ, ಜೀವ ಉಳಿಯಿತಲ್ಲ ಎಂಬ ಸಂತೋಷದಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಆಮೇಲೆ ಆದದ್ದನ್ನು ಕೇಳಿರಿ. ದಿನಕ್ಕೆ ಹತ್ತು ಸಲ, ಹದಿನಾಲ್ಕು ಸಲ ಚರಿಗೆ ಹಿಡಿಯಬೇಕಾಯಿತು. ಹೋಗಿ ಬಂದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹೋಗಬೇಕು. ಬಂತು ಎಂದರೆ ಬಂತೇ, ತಡೆಯಲಿಕ್ಕಾಗದು. ವಾಯು ಎಂದು ತಿಳಿದರೆ ಬಟ್ಟೆ ಹಾಳಾಗುತ್ತಿತ್ತು. ವಿಶ್ರಾಂತಿಗೆ ಸೊರಡಿಗೆ ಬಂದರೆ ಇಲ್ಲಿ ಬೇಸಿಗೆ, ಟ್ಯಾಂಕರಿನ ನೀರು. ಮನೆಯವರೆಲ್ಲ ಎರಡು ಕೊಡದಲ್ಲಿ ದಿನ ಕಳೆಯುವಾಗ ನನ್ನೊಬ್ಬನಿಗೇ ಎರಡು ಕೊಡ ಬೇಕಾಗುತ್ತಿತ್ತು. ಆ ನೀರು ಹೊತ್ತವಳು ನನ್ನ ಹೆಂಡತಿ.

ತೋಟಕ್ಕೆ ಹಿಂತಿರುಗಿದಾಗ ಇನ್ನೊಂದು ಉಪಾಯ ಮಾಡಿದೆನು. ಹೊಟ್ಟೆ ಖಾಲಿಯಿದ್ದರೆ ಬರುವದಿಲ್ಲವೆಂದು ಬೆಳಗಿನಿಂದ ಸಂಜೆಯ ತನಕ ಉಪವಾಸ ಇದ್ದು, ರಾತ್ರಿ ಒಮ್ಮೆಲೇ ಉಂಡೆನು. ರಾತ್ರಿಯೆಲ್ಲ ಎದ್ದು ಕೂತೆನು. ಕೈಕಾಲಲ್ಲಿ ಬಲ ಹೋಯಿತು. ಬಸ್ಸು ಹತ್ತುವದನ್ನು ಬಿಟ್ಟೆನು. ಮದುವೆ ಮನೆಗೆ ಹೋಗಲಿಲ್ಲ. ಕೂಟಕ್ಕೆ ಬಂದರೂ ಬಾಗಿಲ ಹತ್ತಿರ ಕೂತು, ಎಲ್ಲರೂ ಕಣ್ಣು ಮುಚ್ಚಿದಾಗ ಎದ್ದು ಹೋಗುತ್ತಿದ್ದೆನು. ವಾಸನೆ ಬಂದೀತೆಂದು ಪಡಸಾಲೆಯಲ್ಲಿ ಒಬ್ಬನೇ ಮಲಗಿದೆನು. ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರೆ ಪ್ರತಿ ಸಲವೂ ಚೆನ್ನಾಗಿದ್ದೇನೆ ಸಾರ್ ಎಂದೆನು.

ಒಂದು ಸಲ ಹೆಂಡತಿ ತಡೆಯಲಾರದೆ ಬಾಯಿ ಬಿಟ್ಟಳು. "ಅವರು ಹೇಳಂಗಿಲ್ರೀ ಡಾಕ್ಟರ, ನಾ ಹೇಳತೀನಿ," ಎಂದು ಎಲ್ಲವನ್ನೂ ಹೇಳಿದಳು. ನನ್ನ ಕಡೆ ತಿರುಗಿ, "ಸಾಯಲಿಲ್ಲಂತ ದೇವರಿಗೆ ಕೈ ಮುಗದೀನಿ. ಬದುಕಾಕ ಯಾಕ ನಾಚತೀರಿ?" ಎಂದಳು.

ಡಾಕ್ಟರು ನಗಲಿಲ್ಲ. ಕಾಗದ ತೆಗೆದು ಐದು ಪ್ರಶ್ನೆ ಕೇಳಿದರು. ವಾಯು ತಡೆಯಲಿಕ್ಕಾಗುವದೋ? ನೀರಾದ ಮಲ ಸೋರುವದೋ? ದಿನಕ್ಕೆ ಎಷ್ಟು ಸಲ? ಒಂದು ತಾಸಿನೊಳಗೆ ಮತ್ತೆ ಹೋಗಬೇಕಾಗುವದೋ? ಓಡಿಹೋಗಬೇಕಾಗುವಷ್ಟು ಅವಸರವೋ? ಇವು 2012ರಲ್ಲಿ ಡೆನ್ಮಾರ್ಕಿನ ವೈದ್ಯರು ಬರೆದ ಪ್ರಶ್ನೆಗಳಂತೆ. ಉತ್ತರಗಳಿಗೆ ಒಟ್ಟು 42 ಅಂಕ, 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೊಂದರೆ ದೊಡ್ಡದು. ನನಗೆ 37 ಬಂತು. ಇದಕ್ಕೆ ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್ ಎಂಬ ಹೆಸರಿದೆಯೆಂದೂ, ಗುದನಾಳ ತೆಗೆದು ಕರುಳು ಕೂಡಿಸಿದವರಲ್ಲಿ ಹೆಚ್ಚಿನವರಿಗೆ ಇದು ಸ್ವಲ್ಪವಾದರೂ ಇರುವದೆಂದೂ ಹೇಳಿದರು. ನನ್ನೊಬ್ಬನಿಗೇ ಬಂದ ಶಿಕ್ಷೆಯೆಂದು ಎರಡು ವರ್ಷ ತಿಳಿದಿದ್ದೆನಲ್ಲಾ, ಅದು ಆ ದಿನ ಹೋಯಿತು. ದೂರದ ದೇಶಗಳಲ್ಲಿಯೂ ಜನ ಹೀಗೆಯೇ ಬಾಗಿಲ ಹತ್ತಿರ ಕೂತಿದ್ದಾರೆ.

ಇದು ಏಕೆ ಆಗುವದೆಂದು ಅವರು ತಿಳಿಸಿದ್ದನ್ನು ನಾನು ನಮ್ಮ ರೀತಿಯಲ್ಲಿ ಹೇಳುತ್ತೇನೆ. ಗುದನಾಳವೆಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗ. ಅದು ಒಂದು ಕೆರೆಯ ಹಾಗೆ. ಬಂದದ್ದನ್ನು ತುಂಬಿಕೊಂಡು, ಹಿಗ್ಗಿ, ಹೊತ್ತು ಬರುವ ತನಕ ನಿಲ್ಲಿಸಿಕೊಳ್ಳುತ್ತದೆ. ಕೆಳಗಿನ ಸ್ನಾಯು ತೂಬಿನ ಹಾಗೆ. ಆಪರೇಶನ್‌ನಲ್ಲಿ ಕೆರೆಯನ್ನು ತೆಗೆದು ಕಾಲುವೆಯನ್ನೇ ತಂದು ತೂಬಿಗೆ ಕೂಡಿಸುತ್ತಾರೆ. ಕಾಲುವೆಗೆ ತುಂಬಿಟ್ಟುಕೊಳ್ಳುವ ಶಕ್ತಿಯಿಲ್ಲ, ಬಂದಂತೆ ದೂಡುವದೇ ಅದರ ಗುಣ. ಸುತ್ತಲಿನ ನರಗಳಿಗೂ ಸ್ನಾಯುವಿಗೂ ಪೆಟ್ಟು ಬಿದ್ದಿರಬಹುದು. ರೇಡಿಯೇಶನ್ ಆದವರಿಗೆ ಆ ಜಾಗ ಗಡಸಾಗಿ ತೊಂದರೆ ಹೆಚ್ಚು. ಕೂಡಿಸಿದ ಜಾಗ ಕೆಳಗಿದ್ದಷ್ಟೂ ಹೆಚ್ಚು. ಕ್ಯಾನ್ಸರ್ ತಿರುಗಿ ಬಂತೆಂದು ಇದರ ಅರ್ಥವಲ್ಲ. ಮೊದಲ ವರ್ಷ ಒಂದೂವರೆ ವರ್ಷದಲ್ಲಿ ಕೆಲವರಿಗೆ ತಾನಾಗಿ ಬಹಳ ಮಟ್ಟಿಗೆ ಸುಧಾರಿಸುತ್ತದೆ. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಉಳಿದರೂ ಅದನ್ನು ಹತೋಟಿಗೆ ತರುವ ಮಾರ್ಗಗಳಿವೆ.

ನಾನು ಕಲಿತ ಮಾರ್ಗಗಳನ್ನು ಹೇಳುತ್ತೇನೆ. ಮೊದಲನೆಯದು ಊಟ. ಉಪವಾಸ ಬೇಡ. ಸ್ವಲ್ಪ ಸ್ವಲ್ಪವಾಗಿ, ದಿನವೂ ಅದೇ ಹೊತ್ತಿಗೆ ಉಣ್ಣಬೇಕು. ಮಗನ ಹಳೆಯ ನೋಟುಬುಕ್ಕಿನಲ್ಲಿ ಒಂದು ತಿಂಗಳು ಏನು ತಿಂದೆನು, ಎಷ್ಟು ಸಲ ಹೋದೆನು ಎಂದು ಬರೆದಿಟ್ಟೆನು. ಹಸಿಮೆಣಸಿನಕಾಯಿಯ ಖಾರ, ಕರಿದದ್ದು, ಬೆಳಗಿನ ಕಡು ಕಾಫಿ, ಈ ಮೂರು ನನಗೆ ವೈರಿಗಳೆಂದು ಗೊತ್ತಾಯಿತು. ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು, ಹೆಸರುಬೇಳೆ ಒಗ್ಗಿದವು. ನಿಮಗೆ ಬೇರೆ ಇರಬಹುದು, ನೀವೇ ಬರೆದು ನೋಡಿರಿ. ರೊಟ್ಟಿಯನ್ನು ಯಾರೂ ಬಿಡಿಸಲಿಲ್ಲ, ಅದೊಂದು ಸಮಾಧಾನ.

ಎರಡನೆಯದು ಔಷಧ. ಇಸಬಗೋಲು ಮಲವನ್ನು ಗಟ್ಟಿಯಾಗಿ ಒಂದುಗೂಡಿಸುತ್ತದೆ. ಲೋಪೆರಮೈಡ್ ಎಂಬ ಮಾತ್ರೆ ಕರುಳಿನ ವೇಗ ತಗ್ಗಿಸುತ್ತದೆ. ನನಗೆ ಅದನ್ನು ಊಟಕ್ಕೆ ಅರ್ಧ ತಾಸು ಮುಂಚೆ ನುಂಗಲಿಕ್ಕೆ ಹೇಳಿದ್ದಾರೆ. ಹೆಚ್ಚಾದರೆ ಹೊಟ್ಟೆ ಕಟ್ಟಿಕೊಳ್ಳುವದು, ಆದುದರಿಂದ ಡಾಕ್ಟರು ಹೇಳಿದಷ್ಟೇ ತೆಗೆದುಕೊಳ್ಳಬೇಕು, ನೆರೆಯವನ ಚೀಟಿ ನೋಡಿ ನುಂಗಬಾರದು.

ಮೂರನೆಯದು ವ್ಯಾಯಾಮ. ವಾಯು ತಡೆಯುವವರ ಹಾಗೆ ಕೆಳಗಿನ ಸ್ನಾಯುವನ್ನು ಬಿಗಿಹಿಡಿದು, ಐದು ಎಣಿಸಿ, ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕಾಫಿ ಆರಿಸುತ್ತ ಕೂತಾಗಲೂ ಮಾಡಬಹುದು, ಯಾರಿಗೂ ಕಾಣದು. ತಿಂಗಳುಗಟ್ಟಲೆ ಬಿಡದೆ ಮಾಡಿದರೆ ಗುಣ ಕಾಣುವದು.

ನಾಲ್ಕನೆಯದು ಚರ್ಮದ ಜೋಪಾನ. ಕಾಗದದಿಂದ ಉಜ್ಜಬೇಡಿರಿ. ನೀರಿನಿಂದ ತೊಳೆದು, ಮೆತ್ತನೆಯ ಹಳೆಯ ಬಟ್ಟೆಯಿಂದ ಒತ್ತಿ ಒರಸಿ, ಜಿಂಕ್ ಮುಲಾಮು ಹಚ್ಚಿರಿ. ಹೊರಗೆ ಹೋಗುವಾಗ ಒಂದು ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಬಾಟಲಿ ನೀರು ಇರಲಿ. ಆ ಚೀಲವಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಇಷ್ಟರಿಂದ ಆಗದವರಿಗೆ ಬೆಚ್ಚಗಿನ ನೀರನ್ನು ಕೆಳಗಿನಿಂದ ಬಿಟ್ಟು ಕರುಳನ್ನು ತೊಳೆಯುವ ಕ್ರಮವಿದೆ. ಅದನ್ನು ನರ್ಸಿನಿಂದ ಕಲಿತೇ ಮಾಡಬೇಕು. ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೋದವರು ಇದನ್ನು ಕೇಳಿರಿ. ಅದೂ ಸಾಲದಿದ್ದರೆ ಮತ್ತೆ ಚೀಲವನ್ನೇ ಕಟ್ಟಿಸಿಕೊಳ್ಳುವವರಿದ್ದಾರೆ. ಅದು ಸೋಲಲ್ಲ. ಚೀಲ ಕಟ್ಟಿಕೊಂಡು ಹೊಲಕ್ಕೂ ಮದುವೆಗೂ ಹೋಗುವ ಮನುಷ್ಯನು, ಚೀಲವಿಲ್ಲದೆ ಕತ್ತಲಲ್ಲಿ ಕೂತವನಿಗಿಂತ ಸುಖಿ.

ಒಂದು ಎಚ್ಚರಿಕೆ. ಮತ್ತೆ ರಕ್ತ ಕಂಡರೆ, ತೂಕ ಇಳಿಯುತ್ತ ಹೋದರೆ ತಡಮಾಡಬೇಡಿರಿ. ಹೊಟ್ಟೆಯುಬ್ಬಿ ವಾಂತಿಯಾಗಿ ವಾಯುವೂ ಹೋಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ. ಎಷ್ಟು ಚೆನ್ನಾಗಿದ್ದರೂ ಹೇಳಿದ ತಾರೀಖಿಗೆ ತೋರಿಸಿಕೊಂಡು ಬನ್ನಿರಿ.

ಇನ್ನು ನಮ್ಮ ಕೆಲಸದ ಮಾತು. ನಾನು ಗಟ್ಟಿಮನಸ್ಸು ಮಾಡಿ ಮೇಸ್ತ್ರಿಯವರ ಹತ್ತಿರ ಹೋಗಿ, "ಅಣ್ಣ, ನನ್ನ ಕರುಳು ಅರ್ಧ ಹೋಗಿದೆ, ಕೆಲಸ ಹೋಗಿಲ್ಲ," ಎಂದೆನು. ಅವರು ನಕ್ಕು, ನಂತರ ಸುಮ್ಮನಾಗಿ, ಗುಡ್ಡದ ಮೇಲಿನ ಕುಯ್ಲಿನಿಂದ ಬಿಡಿಸಿ ನರ್ಸರಿಗೆ ಹಾಕಿದರು. ಅಲ್ಲಿ ನೆರಳಿದೆ, ನಲ್ಲಿಯಿದೆ, ಹತ್ತು ಮಾರು ದೂರದಲ್ಲಿ ಕಕ್ಕಸಿದೆ. ಇಂದಿಗೂ ಅಲ್ಲಿಯೇ ತೊಟ್ಟೆಗೆ ಮಣ್ಣು ತುಂಬುತ್ತಿದ್ದೇನೆ. ಹೀಗೆ ಕೇಳುವದು ಭಿಕ್ಷೆಯಲ್ಲ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯಾಗಿ, ಕೆಲಸದವರಿಗೆ ಸುಲಭವಾಗಿ ಸಿಗುವಲ್ಲಿ ಕಕ್ಕಸುಗಳಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಬರೆದಿತ್ತು. ಆ ಕಾಯ್ದೆಯನ್ನು 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಸಿದ್ದಾರೆ. ಕಕ್ಕಸು ದೂರವಿದ್ದರೆ ಆರೋಗ್ಯವಂತನಿಗೆ ತೊಂದರೆ. ನನ್ನಂಥವನಿಗೆ ಅದು ಕೆಲಸವೇ ಇಲ್ಲದ ಹಾಗೆ.

2020ರಲ್ಲಿ ಹಲವು ದೇಶಗಳ ವೈದ್ಯರು ರೋಗಿಗಳನ್ನೂ ಕೂಡಿಸಿಕೊಂಡು ಈ ತೊಂದರೆಯ ವಿವರಣೆಯನ್ನು ಹೊಸದಾಗಿ ಬರೆದರಂತೆ. ಎಷ್ಟು ಸಲ ಹೋದನು ಎಂಬದರ ಜೊತೆಗೆ, ಅವನ ಮನಸ್ಸು ಹೇಗಿದೆ, ಗಂಡಹೆಂಡಿರ ನಡುವೆ ಹೇಗಿದೆ, ನಾಲ್ಕು ಜನರಲ್ಲಿ ಬೆರೆಯುತ್ತಾನೋ ಎಂಬದನ್ನೂ ಲೆಕ್ಕಕ್ಕೆ ಹಿಡಿದರು. ನನ್ನ ಹೆಂಡತಿಗೆ ಓದು ಬಾರದು, ಆದರೂ ಅವಳು ಅದನ್ನೇ ಕೇಳಿದ್ದಳು.

ಆದುದರಿಂದ ಮನೆಯವರಿಗೆ ನನ್ನ ಬಿನ್ನಹ: ಇಂಥವರನ್ನು ಅವಸರಪಡಿಸಬೇಡಿರಿ, ಮೂಗು ಮುಚ್ಚಿಕೊಳ್ಳಬೇಡಿರಿ, ಒಂದು ಕೊಡ ನೀರು ಅವರಿಗೆಂದು ಇಡಿರಿ. ಕೂಟದಲ್ಲಿ ಬಾಗಿಲ ಹತ್ತಿರದ ಜಾಗ ಬಿಟ್ಟುಕೊಡಿರಿ, ಎದ್ದು ಹೋದರೆ ತಿರುಗಿ ನೋಡಬೇಡಿರಿ. ತೊಂದರೆಯುಳ್ಳವರಿಗೆ ನನ್ನ ಬಿನ್ನಹ: ಡಾಕ್ಟರು ಹೇಗಿದ್ದೀರಿ ಎಂದು ಕೇಳಿದಾಗ ಸುಳ್ಳು ಹೇಳಬೇಡಿರಿ.

ಈಗ ನಾನು ದಿನಕ್ಕೆ ನಾಲ್ಕೈದು ಸಲ ಹೋಗುತ್ತೇನೆ. ಪೂರಾ ಗುಣವಾಗಿಲ್ಲ, ಆಗಲಿಕ್ಕಿಲ್ಲ. ಆದರೂ ಈ ಸಲ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬಂದೆನು. ದಾರಿಯಲ್ಲಿ ಎರಡು ಕಡೆ ಬಸ್ಸು ನಿಲ್ಲಿಸಲು ಹೇಳಿದೆನು. ಕಂಡಕ್ಟರನು ಗೊಣಗಿದನು, ಆದರೆ ನಿಲ್ಲಿಸಿದನು.

ಕೂಟ ಮುಗಿದ ಮೇಲೆ ನಾನು ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತೇನೆ. ಕೇಳುವದಿದ್ದವರು ಬನ್ನಿರಿ. ಹತ್ತು ಜನರ ಮುಂದೆ ಕೇಳಲಿಕ್ಕೆ ನಾಚಿಕೆಯಾದರೆ ಒಬ್ಬೊಬ್ಬರೇ ಬನ್ನಿರಿ.