ಎಲ್ಲಿ ಕೂತು ನೋಡಿದಿರಿ?



ಹರೆಯದಲ್ಲಿ ನೋಡಿದ ಸಿನಿಮಾ, ಕೇಳಿದ ಹಾಡು, ಕಾದು ಕೂತು ನೋಡಿದ ಧಾರಾವಾಹಿ ಜೀವಮಾನವಿಡೀ ಯಾಕೆ ನಮ್ಮನ್ನು ಬಿಡುವುದಿಲ್ಲ ಎಂಬ ಪ್ರಶ್ನೆಗೆ ಈ ವಿಚಾರ ಸಂಕಿರಣವನ್ನು ಮೀಸಲಿಟ್ಟಿದ್ದೀರಿ. ಈ ಪ್ರಶ್ನೆ ಮನಶ್ಶಾಸ್ತ್ರಕ್ಕೆ ಸೇರಿದ್ದೋ ಮಾಧ್ಯಮ ಅಧ್ಯಯನಕ್ಕೆ ಸೇರಿದ್ದೋ ಎಂದು ಕೇಳುವವರಿದ್ದಾರೆ. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ ಎಂಬ ಹೆಸರಿಟ್ಟು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸಿನ ಅಧ್ಯಯನ ಮತ್ತು ಬಾನುಲಿ ಕನ್ನಡ ನಾಡಿನಲ್ಲಿ ಒಂದೇ ಸೂರಿನಡಿ ಆರಂಭವಾದವು. ಆಮೇಲೆ ಅವೆರಡನ್ನೂ ಬೇರೆ ಬೇರೆ ವಿಭಾಗಗಳಿಗೆ ಹಂಚಿದವರು ನಾವು. ಮತ್ತೆ ಒಂದೇ ಕೋಣೆಯಲ್ಲಿ ಕೂರಿಸಿದ್ದಕ್ಕೆ ಸಂಘಟಕರಿಗೆ ನಾನು ಋಣಿ.

ಮನಶ್ಶಾಸ್ತ್ರದವರು ಈಗಾಗಲೇ ಕಂಡುಕೊಂಡಿರುವುದನ್ನು ಮೊದಲು ನೋಡೋಣ. ನಡುವಯಸ್ಸು ದಾಟಿದವರಿಗೆ ಬದುಕಿನ ನೆನಪುಗಳನ್ನು ಹೇಳಿ ಎಂದರೆ, ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಉಳಿದ ವರ್ಷಗಳಿಗಿಂತ ದಟ್ಟವಾಗಿ ಬರುತ್ತವೆ. ಅಮೆರಿಕದ ಮೋರಿಸ್ ಹೋಲ್‌ಬ್ರುಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾನಾ ವಯಸ್ಸಿನ ಜನರಿಗೆ ನಾನಾ ಕಾಲದ ಹಾಡಿನ ತುಣುಕುಗಳನ್ನು ಕೇಳಿಸಿ ಯಾವುದು ಎಷ್ಟು ಇಷ್ಟವಾಯಿತು ಎಂದು ಗುರುತು ಹಾಕಿಸಿದರು. ಕೇಳುಗನಿಗೆ ಸುಮಾರು 23.5 ವರ್ಷ ವಯಸ್ಸಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳಿಗೆ ಅತಿ ಹೆಚ್ಚಿನ ಮೆಚ್ಚುಗೆ ಸಿಕ್ಕಿತು. ನಮ್ಮ ಕಾಲದ ಹಾಡಿನಂಥ ಹಾಡು ಈಗ ಬರುವುದಿಲ್ಲ ಎಂದು ಪ್ರತಿ ಪೀಳಿಗೆಯೂ ಹೇಳುತ್ತ ಬಂದಿದೆ. ಹೇಳಿದವರೆಲ್ಲರಿಗೂ ಆ ಹಾಡು ಕೇಳಿದಾಗ ಇಪ್ಪತ್ತರ ಆಸುಪಾಸು ಎಂಬುದನ್ನು ಆ ಮಾತಿನ ಪಕ್ಕದಲ್ಲೇ ಬರೆದಿಡಬೇಕು. ಹಳೆಯದರ ಈ ಹಂಬಲ ಸಂಶೋಧನೆಗೆ ಒಳ್ಳೆಯ ಆಕರ. ಆದರೆ ಕಲೆಯನ್ನು ತೂಗುವುದಕ್ಕೆ ಅದನ್ನು ತಕ್ಕಡಿಯಾಗಿ ಬಳಸಿದರೆ ತೂಕ ತಪ್ಪುತ್ತದೆ.

ನನಗೆ ಇನ್ನೂ ಹೆಚ್ಚು ಕುತೂಹಲ ಹುಟ್ಟಿಸಿದ್ದು 2013ರ ಇನ್ನೊಂದು ಅಧ್ಯಯನ. ಕ್ಯಾರಲ್ ಕ್ರುಮ್‌ಹಾನ್ಸ್‌ಲ್ ಮತ್ತು ಜಸ್ಟಿನ್ ಝುಪ್ನಿಕ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಹಲವು ದಶಕಗಳ ಹಾಡುಗಳನ್ನು ಕೇಳಿಸಿದರು. ವಿದ್ಯಾರ್ಥಿಗಳು ತಮ್ಮ ಕಾಲದ ಹಾಡುಗಳಿಗೆ ಒಲಿದದ್ದು ಸಹಜ. ಅದರ ಜೊತೆಗೆ ಅವರ ತಂದೆತಾಯಿ ಹರೆಯದಲ್ಲಿದ್ದ 1980ರ ಸುಮಾರಿನ ಹಾಡುಗಳಿಗೂ, ಅದಕ್ಕಿಂತ ಹಿಂದಿನ 1960ರ ದಶಕದ ಹಾಡುಗಳಿಗೂ ಅವರ ಮನಸ್ಸು ಮಿಡಿಯಿತು. ತಾವು ಹುಟ್ಟುವ ಮೊದಲಿನ ಹಾಡಿಗೂ ಅವರೊಳಗೆ ನೆನಪಿನ ಜಾಗ ಇತ್ತು. ಅದು ಮನೆಯಿಂದ ಬಂದ ಬಳುವಳಿ ಎಂದು ಸಂಶೋಧಕರು ಊಹಿಸಿದರು.

ನಮ್ಮಲ್ಲಿ ಈ ಬಳುವಳಿ ಮನೆಯಿಂದ ಮಾತ್ರ ಬರುವುದಿಲ್ಲ. ಬಸ್ಸಿನ ಟೇಪ್ ರೆಕಾರ್ಡರ್, ಗಣಪತಿ ಪೆಂಡಾಲಿನ ಮೈಕು, ರಾಜ್ಯೋತ್ಸವದ ಆರ್ಕೆಸ್ಟ್ರಾ, ಬೀದಿ ಕೊನೆಯ ಸೈಕಲ್ ಶಾಪು, ಎಲ್ಲವೂ ನಮ್ಮನ್ನು ಕೇಳದೆಯೇ ಹಾಡು ಕೇಳಿಸಿದವು. 2000ದ ನಂತರ ಹುಟ್ಟಿದ ನನ್ನ ವಿದ್ಯಾರ್ಥಿಗಳು ರಾಜನ್–ನಾಗೇಂದ್ರರ ಹಾಡನ್ನು ಎರಡನೇ ಚರಣದವರೆಗೂ ತಪ್ಪದೆ ಹಾಡುತ್ತಾರೆ. ಯಾರು ಕಲಿಸಿದರು ಎಂದರೆ ಯಾರೂ ಇಲ್ಲ ಎನ್ನುತ್ತಾರೆ. ಪೀಳಿಗೆ ಎಂಬ ಮಾತನ್ನು ನಾವು ಪಾಶ್ಚಾತ್ಯ ಅಧ್ಯಯನಗಳಿಂದ ಹಾಗೆಯೇ ಎತ್ತಿಕೊಂಡು ಬಳಸುತ್ತಿದ್ದೇವೆ. ಬೀದಿಯೇ ಹಾಡು ಹಂಚುವ ಸಮಾಜದಲ್ಲಿ ಪೀಳಿಗೆಯ ಗೆರೆಗಳು ಎಲ್ಲಿ ಬೀಳುತ್ತವೆ ಎಂದು ಈ ಮಣ್ಣಿನಲ್ಲೇ ಅಳೆದು ನೋಡಬೇಕಾಗಿದೆ.

ಹಾಡು ಬಂದ ಸಾಧನವೂ ನೆನಪಿನೊಳಗೆ ಸೇರಿಕೊಂಡಿರುತ್ತದೆ. ಕ್ಯಾಸೆಟ್ ಕಾಲದವರನ್ನು ಗಮನಿಸಿ. ‘ಪ್ರೇಮಲೋಕ’ 1987ರಲ್ಲಿ ಬಂದಾಗ ಹಂಸಲೇಖ ಅವರ ಹಾಡುಗಳ ಕ್ಯಾಸೆಟ್ಟನ್ನು ಸವೆಯುವವರೆಗೂ ಕೇಳಿದವರು ಈ ಸಭೆಯಲ್ಲೇ ಇದ್ದೀರಿ. ಇವತ್ತು ಮೊಬೈಲಿನಲ್ಲಿ ಅದರ ಒಂದು ಹಾಡು ಮುಗಿದ ಕೂಡಲೇ ಕಿವಿ ಕ್ಯಾಸೆಟ್ಟಿನಲ್ಲಿದ್ದ ಮುಂದಿನ ಹಾಡಿಗೆ ಸಿದ್ಧವಾಗುತ್ತದೆ, ಬರುವುದು ಇನ್ಯಾವುದೋ. ಟೇಪು ಸಿಕ್ಕಿಹಾಕಿಕೊಂಡು, ಪೆನ್ಸಿಲ್ ತೂರಿಸಿ ತಿರುಗಿಸಿ ಸರಿಮಾಡಿದ ಮೇಲೂ ಒಂದು ಸಾಲಿನಲ್ಲಿ ದನಿ ನಡುಗುತ್ತಿತ್ತಲ್ಲ, ಆ ನಡುಕವಿಲ್ಲದೆ ಹಾಡು ಪೂರ್ತಿಯಾಗಲಿಲ್ಲ ಎನಿಸುವವರಿದ್ದಾರೆ. ಸಣ್ಣ ಊರಿನ ಟಾಕೀಸಿಗೆ ಬರುವಷ್ಟರಲ್ಲಿ ಪ್ರಿಂಟು ಹತ್ತಾರು ಕಡೆ ಓಡಿ, ಹರಿದು, ಅಂಟಿಸಿಕೊಂಡು ಬಂದಿರುತ್ತಿತ್ತು. ಅಲ್ಲಿ ನೋಡಿದವರಿಗೆ ಸಂಭಾಷಣೆ ನೆನಪಿರುವುದು ಜಿಗಿತದ ಸಮೇತ. ನಾವು ಒಂದೇ ಸಿನಿಮಾ ಎಂದು ಕರೆಯುವುದನ್ನು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಮೊದಲ ವಾರದ ಪ್ರೇಕ್ಷಕ ಮತ್ತು ಎರಡು ವರ್ಷ ಕಳೆದ ಮೇಲೆ ಹಳ್ಳಿಯ ಟೆಂಟಿನಲ್ಲಿ ಕೂತ ಪ್ರೇಕ್ಷಕ ಒಂದೇ ಆಗಿ ನೋಡಿಲ್ಲ.

ಈಗ ಟೆಲಿವಿಷನ್ನಿಗೆ ಬರೋಣ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಐದಾರು ವರ್ಷಗಳಲ್ಲೇ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಮಾಡಿದರು. ಚಿತ್ರೀಕರಣ ಆಗುಂಬೆಯಲ್ಲಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ. ದೇಶದ ಮನೆಮನೆಗಳು ನೋಡಿದ್ದು ಅದರ ಹಿಂದಿ ರೂಪವನ್ನು. ಹಾಗಿದ್ದರೂ ಕರ್ನಾಟಕದಲ್ಲಿ ಅದನ್ನು ನೆನೆಸಿಕೊಳ್ಳುವವರು ಸ್ವಾಮಿಯ ಮಾತನ್ನು ಕನ್ನಡದಲ್ಲೇ ಹೇಳಿ ತೋರಿಸುತ್ತಾರೆ. ಹಿಂದಿಯಲ್ಲಿತ್ತು ಎಂದರೆ ಒಂದು ಕ್ಷಣ ನಂಬುವುದಿಲ್ಲ. ಮಳೆ, ಹೆಂಚಿನ ಮನೆ, ಅಂಗಳ, ಪರಿಚಿತ ಮುಖಗಳು ಎಲ್ಲ ನಮ್ಮವೇ ಆಗಿದ್ದಾಗ ಭಾಷೆಯನ್ನು ನೆನಪೇ ಬದಲಾಯಿಸಿಕೊಂಡಿದೆ. ಆ ಧಾರಾವಾಹಿಯಲ್ಲಿ ಕಾಣುವ, ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಈಗ ಮಾಲ್ಗುಡಿ ಸಂಗ್ರಹಾಲಯ. ಕಾದಂಬರಿಕಾರರೊಬ್ಬರ ಕಲ್ಪನೆಯ ಊರು, ಪ್ರೇಕ್ಷಕರ ಹಂಬಲದಿಂದಾಗಿ ನಿಜವಾದ ರೈಲ್ವೆ ಮಾರ್ಗದಲ್ಲಿ ಬಂದು ನಿಂತಿದೆ. ನೆನಪು ತಪ್ಪು ಹೇಳಿತು ಎಂದು ತಿದ್ದಿ ಮುಂದೆ ಹೋಗುವ ಸಂಶೋಧಕ ಇಲ್ಲಿ ಬೆಲೆಬಾಳುವುದನ್ನೇ ಕಳೆದುಕೊಳ್ಳುತ್ತಾನೆ.

ಆ ಕಾಲದ ಬಗ್ಗೆ ಮಾತು ಬಂದರೆ ಎಲ್ಲರೂ ಹೇಳುವ ಒಂದು ವಾಕ್ಯವಿದೆ: ಊರಿಗೆಲ್ಲ ಒಂದೇ ಟಿವಿ, ಎಲ್ಲರೂ ಒಟ್ಟಿಗೆ ನೋಡುತ್ತಿದ್ದೆವು. ‘ರಾಮಾಯಣ’ 1987ರ ಜನವರಿಯಲ್ಲಿ, ‘ಮಹಾಭಾರತ’ 1988ರ ಅಕ್ಟೋಬರಿನಲ್ಲಿ ಆರಂಭವಾದವು. ಭಾನುವಾರ ಬೆಳಿಗ್ಗೆ ಬೀದಿಗಳು ಬಿಕೋ ಎನ್ನುತ್ತಿದ್ದವು ಎಂಬುದೂ ನಿಜ. ನಾನು ಈ ವಾಕ್ಯದ ಮುಂದೆ ನಿಲ್ಲುತ್ತೇನೆ, ಯಾಕೆಂದರೆ ಈ ಸಂಕಿರಣದಿಂದ ನಾನು ನಿರೀಕ್ಷಿಸುವುದೆಲ್ಲ ಇದರೊಳಗೇ ಇದೆ. ಒಟ್ಟಿಗೆ ನೋಡಿದೆವು ಎನ್ನುವವರನ್ನು, ಎಲ್ಲಿ ಕೂತು ನೋಡಿದಿರಿ ಎಂದು ಕೇಳಿ.

ನನಗೆ ಬಂದಿರುವ ಉತ್ತರಗಳನ್ನು ಹೇಳುತ್ತೇನೆ. ಟಿವಿ ಇದ್ದ ಮನೆಯವರು ಕುರ್ಚಿಯಲ್ಲಿ. ಅಕ್ಕಪಕ್ಕದವರು ನಡುಮನೆಯ ಚಾಪೆಯಲ್ಲಿ. ಮನೆಯ ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ, ಒಂದು ಕಣ್ಣು ಒಲೆಯ ಮೇಲೆ ಇಟ್ಟುಕೊಂಡು. ಇನ್ನೂ ಕೆಲವರು ಕಿಟಕಿಯ ಹೊರಗೆ ನಿಂತಿದ್ದರು. ಅವರಲ್ಲೊಬ್ಬರು, ಈಗ ಸರ್ಕಾರಿ ಶಾಲೆಯ ಮೇಷ್ಟ್ರು, ನನಗೆ ಹೇಳಿದ್ದು: ಕಿಟಕಿಯ ಸರಳು ಪರದೆಯ ನಡುವೆ ಬರುತ್ತಿತ್ತು, ತಲೆ ವಾಲಿಸಿ ನೋಡಬೇಕಿತ್ತು, ಒಳಗಿನವರಿಗೆ ಸಾಕೆನಿಸಿದಾಗ ಕಿಟಕಿ ಮುಚ್ಚುತ್ತಿದ್ದರು. ಅವರ ಓಣಿಯವರು ಆ ಮನೆಯ ಹೊಸಿಲು ದಾಟುವ ಹಾಗಿರಲಿಲ್ಲ. ಅವರಿಗೂ ಆ ಧಾರಾವಾಹಿಗಳ ಮೇಲೆ ಮಮತೆ ಇದೆ. ಅವುಗಳ ಸಂಗೀತ ಬಂದರೆ ಈಗಲೂ ಮಾತು ನಿಲ್ಲಿಸಿ ಕೇಳುತ್ತಾರೆ. ಕುರ್ಚಿಯಲ್ಲಿದ್ದವರ ಹಂಬಲ ಮತ್ತು ಕಿಟಕಿಯಲ್ಲಿದ್ದವರ ಹಂಬಲ ಎರಡನ್ನೂ ‘ಎಂಬತ್ತರ ದಶಕದ ನೆನಪು’ ಎಂಬ ಒಂದೇ ಶೀರ್ಷಿಕೆಯಡಿ ಹಾಕಿದರೆ ಕುರ್ಚಿಯಲ್ಲಿದ್ದವರದ್ದಷ್ಟೇ ಉಳಿಯುತ್ತದೆ.

ಸಿನಿಮಾ ಮಂದಿರದಲ್ಲಿ ಇದೇ ಪ್ರಶ್ನೆಗೆ ಉತ್ತರ ಟಿಕೆಟ್ಟಿನ ಮೇಲೇ ಅಚ್ಚಾಗಿತ್ತು: ಗಾಂಧಿ ಕ್ಲಾಸು, ಬೆಂಚು, ಬಾಲ್ಕನಿ. ಟೆಂಟಿನಲ್ಲಿ ನೆಲ. ಅನೇಕ ಕಡೆ ಹೆಂಗಸರಿಗೆ ಬೇರೆ ಸಾಲು, ಬೇರೆ ಕೌಂಟರು. ಸಿನಿಮಾ ಮುಗಿದ ಮೇಲೆ ಬಾಗಿಲಲ್ಲಿ ಕೊಳ್ಳುತ್ತಿದ್ದ ಹಾಡಿನ ಪುಸ್ತಕ ನೆನಪಿಸಿಕೊಳ್ಳಿ: ತೆಳು ಕಾಗದ, ಒಳಗೆ ಕಥಾಸಾರ, ಹಾಡುಗಳು. ಕಥಾಸಾರ ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ನಿಂತುಬಿಡುತ್ತಿತ್ತು. ಟಿಕೆಟ್ಟಿಗೆ ಕಾಸಿಲ್ಲದವರು ಆ ಪುಸ್ತಕವನ್ನಷ್ಟೇ ಕೊಂಡು, ಉಳಿದ ಕಥೆಯನ್ನು ನೋಡಿಬಂದವರ ಬಾಯಿಂದ ಕೇಳಿಕೊಂಡರು. ನೋಡದ ಸಿನಿಮಾದ ನೆನಪೂ ನೆನಪೇ. ಅದರ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಅಧ್ಯಯನ ಓದುವ ಆಸೆ ನನಗಿದೆ.

‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ಬೇಸಾಯ ಹಿಡಿದವರಿದ್ದಾರೆ ಎಂಬ ಮಾತು 1972ರಿಂದ ಇಲ್ಲಿಯವರೆಗೆ ಪ್ರತಿ ಲೇಖನದಲ್ಲೂ ಬರುತ್ತದೆ. ನಾನೂ ಅದನ್ನು ನಂಬುತ್ತೇನೆ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ರಾಜ್‌ಕುಮಾರ್ ಅವರ ರಾಜೀವ ಮೂರೂ ಕೂಡಿದಾಗ ಅದು ಆಗದ ಮಾತೇನಲ್ಲ. ಆದರೆ ಹಾಗೆ ಮರಳಿದವರ ಊರು ಯಾವುದು, ಜಮೀನು ಎಷ್ಟಿತ್ತು, ಯಾವ ಬೆಳೆ ಇಟ್ಟರು, ಎಷ್ಟು ವರ್ಷ ನಿಂತರು? ಜಮೀನೇ ಇಲ್ಲದವರು ಆ ಸಿನಿಮಾ ನೋಡಿ ಎಲ್ಲಿಗೆ ಮರಳಿದರು? ಆಗ ಇಪ್ಪತ್ತರಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಒಬ್ಬ ಪಿಎಚ್‌.ಡಿ. ವಿದ್ಯಾರ್ಥಿ ಟೇಪು ಹಿಡಿದು ಹೊರಟರೆ ಇನ್ನೂ ಸಿಗುತ್ತಾರೆ.

ಹಂಬಲಕ್ಕೆ ಮಾರುಕಟ್ಟೆಯೂ ಇದೆ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದವು. ಹಿರಿಯರು ಮೊಮ್ಮಕ್ಕಳ ಕೈಹಿಡಿದು ಬಂದರು, ಅದು ಸಂತೋಷದ ಸಂಗತಿ. ಆದರೂ ‘ಕಸ್ತೂರಿ ನಿವಾಸ’ದ ಕಪ್ಪು ಬಿಳುಪಿನಲ್ಲಿ, ಸಿರಿವಂತಿಕೆ ಕರಗುತ್ತ ಹೋದಂತೆ ಆ ಮನೆಯ ಮೇಲೆ ಬೀಳುವ ನೆರಳಿಗೆ ಯಾವ ಬಣ್ಣವೂ ಸಮವಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಬಣ್ಣ ಹಚ್ಚಲು ಹಾಕುವ ಹಣದ ಒಂದು ಪಾಲು ಮೂಲ ನೆಗೆಟಿವ್ ಉಳಿಸಲು ಹೋಗಬೇಕು.

ಯಾಕೆಂದರೆ ನಾವು ಕಳೆದುಕೊಂಡದ್ದು ಸಣ್ಣದಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡಿತು. ಅದರ ಪ್ರಿಂಟು ಇಂದು ಎಲ್ಲೂ ಇಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅವರ ದನಿಯನ್ನು ಮೊದಲ ಸಲ ತೆರೆಯಿಂದ ಕೇಳಿದ ಕನ್ನಡಿಗರು ಏನನ್ನು ಅನುಭವಿಸಿದರು ಎಂಬುದೂ ಅವರೊಂದಿಗೇ ಹೋಯಿತು. ಕೃತಿಯೂ ಇಲ್ಲ, ನೋಡಿದವರ ಮಾತೂ ಇಲ್ಲ. ಇನ್ನೊಂದು ತುದಿಯಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇದೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ಫಿಲ್ಮ್ ಫೌಂಡೇಶನ್ ಸೇರಿ ಅದನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಯಮುನಕ್ಕನ ಮುಖ ಮತ್ತೆ ಸ್ಪಷ್ಟವಾಗಿ ಕಾಣುತ್ತದೆ. ಹೀಗೆ ಉಳಿಸಿಕೊಂಡ ಚಿತ್ರಗಳ ಪಟ್ಟಿಗೆ ಇನ್ನೂ ಹತ್ತು ಕನ್ನಡ ಚಿತ್ರಗಳು ಸೇರಬೇಕು ಎಂದು ಒತ್ತಾಯಿಸುವ ಹಕ್ಕು ಈ ಸಭೆಗಿದೆ.

ಪ್ರೇಕ್ಷಕರು ಬಿಟ್ಟುಹೋದ ಕಾಗದಗಳನ್ನು ಕಾಯುವವರೋ ಯಾರೂ ಇಲ್ಲ. ಬೆಂಗಳೂರಿನ ಕಪಾಲಿ, ಪ್ಲಾಜಾ ಟಾಕೀಸುಗಳ ಹಳೆಯ ಕಟ್ಟಡಗಳು ಈಗ ಉಳಿದಿಲ್ಲ. ಒಂದು ಟಾಕೀಸು ಮುಚ್ಚಿದಾಗ ಪ್ರೊಜೆಕ್ಟರಿನ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆಫೀಸು ಕೋಣೆಯಲ್ಲಿದ್ದ, ದಿನದ ಗಳಿಕೆ ಬರೆದಿಡುವ ಡಿಸಿಆರ್ ಪುಸ್ತಕಗಳು ಗುಜರಿಗೆ ಹೋಗುತ್ತವೆ. ಯಾವ ದಿನ, ಯಾವ ಆಟಕ್ಕೆ, ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹರಿದರು ಎಂಬ ಲೆಕ್ಕ ಅವುಗಳಲ್ಲಿರುತ್ತದೆ. ನೆಲದಲ್ಲಿ ಕೂತವರು ಯಾವ ಸಿನಿಮಾವನ್ನು ಗೆಲ್ಲಿಸಿದರು, ಬಾಲ್ಕನಿಯವರು ಯಾವುದನ್ನು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾಖಲೆ ನಮ್ಮ ಬಳಿ ಇಲ್ಲ. ಹಾಗೆಯೇ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ಜನ ಬರೆದ ಕಾರ್ಡುಗಳು. ಹಾಡಿಗೂ ಮೊದಲು ಊರಿನ ಹೆಸರು, ಕೋರಿದವರ ಹೆಸರುಗಳನ್ನು ಓದುತ್ತಿದ್ದರು. ಮನೆಯ ಹೆಣ್ಣುಮಗಳ ಹೆಸರು ಮದುವೆ ಕರೆಯೋಲೆಯ ಆಚೆಗೆ ಮೊದಲ ಸಲ ಹೊರಗೆ ಕೇಳಿದ್ದು ಎಷ್ಟೋ ಕಡೆ ಆ ರೇಡಿಯೊದಲ್ಲೇ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಕೇಳಿಕೆ ಇಷ್ಟು. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯನ್ನು, ಅತ್ತೆಯನ್ನು, ಓಣಿಯ ಹಿರಿಯರನ್ನು ಮಾತಾಡಿಸಿ. ಇಷ್ಟದ ಸಿನಿಮಾ ಯಾವುದು ಎಂದು ಶುರುಮಾಡಬೇಡಿ. ಅದಕ್ಕೆ ಎಲ್ಲರೂ ಒಂದೇ ನಾಲ್ಕು ಹೆಸರು ಹೇಳುತ್ತಾರೆ. ಯಾರ ಜೊತೆ ಹೋದಿರಿ, ಯಾರಿಗೆ ಹೇಳದೆ ಹೋದಿರಿ, ಕಾಸು ಯಾರು ಕೊಟ್ಟರು, ಎಲ್ಲಿ ಕೂತಿರಿ, ವಾಪಸು ಹೇಗೆ ಬಂದಿರಿ ಎಂದು ಕೇಳಿ. ಹೇಳಿದ್ದನ್ನು ಅವರದೇ ಮಾತಿನಲ್ಲಿ ದಾಖಲಿಸಿ, ವರ್ಷ, ಊರು, ಟಾಕೀಸಿನ ಹೆಸರು ಬರೆದುಕೊಳ್ಳಿ. ಮುಚ್ಚಿದ ಟಾಕೀಸಿನ ಮಾಲೀಕರು ಹತ್ತಿರದಲ್ಲಿದ್ದರೆ ಡಿಸಿಆರ್ ಪುಸ್ತಕಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿಸಿ. ಅವುಗಳಿಗೆ ಒಂದು ಕಪಾಟು ಬಿಡಿಸಿಕೊಡುವಂತೆ ವೇದಿಕೆಯ ಮೇಲಿರುವ ಹಿರಿಯರಲ್ಲಿ ಈಗಲೇ ಕೇಳಿಕೊಳ್ಳುತ್ತೇನೆ. ಮೊದಲ ಗೋಷ್ಠಿಯ ಅಧ್ಯಕ್ಷರು ಕಾಯುತ್ತಿದ್ದಾರೆ.