ಕೆಟ್ಟು ನಿಂತ ಕಾರು



ಅಂಗಡಿಗೆ ಹೋಗಿ ಸಾಮಾನು ಕೊಂಡು ಮನೆಗೆ ಬರುವುದು ಭಾಷಣಕ್ಕೆ ತಕ್ಕ ವಿಷಯವೇನೂ ಅಲ್ಲ. ಅದು ಎಲ್ಲರೂ ದಿನವೂ ಮಾಡುವ ಕೆಲಸ. ಆದರೆ ಕೊಂಡ ಸಾಮಾನಿನೊಡನೆ ಮನೆಗೆ ಮರಳಲಾರದೆ ಅಂಗಡಿಯ ನೆಲಮಾಳಿಗೆಯಲ್ಲಿಯೇ ಎರಡೂವರೆ ಗಂಟೆ ಸಿಕ್ಕಿಕೊಂಡಾಗ ಮನುಷ್ಯ ಕೆಲವು ಸಂಗತಿಗಳನ್ನು ಯೋಚಿಸಬೇಕಾಗುತ್ತದೆ. ನನಗೆ ಅಂಥ ಸಂದರ್ಭವೊಂದು ಒದಗಿತ್ತು. ಅದನ್ನು ನಿಮ್ಮ ಮುಂದಿಡುತ್ತಿರುವುದು ನನ್ನ ತೊಂದರೆಯನ್ನು ತೋಡಿಕೊಳ್ಳುವುದಕ್ಕಲ್ಲ. ಆ ತೊಂದರೆ ಅಂದೇ ತೀರಿತು. ತೀರದೆ ಉಳಿದುದು ಬೇರೊಂದು.

2022ರ ಗೌರಿ ಹಬ್ಬಕ್ಕೆ ಎರಡು ದಿನ ಮುಂಚಿನ ಭಾನುವಾರ. ಸಂಜೆ ಐದೂವರೆಯ ಹೊತ್ತಿಗೆ ನಾನೂ ನನ್ನ ಪತ್ನಿಯೂ ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದೆವು. ಅದರ ಹೆಸರು ಬೇಡ. ಇಂಥ ಅಂಗಡಿಗಳು ಈಗ ಎಲ್ಲ ನಗರಗಳಲ್ಲಿಯೂ ಇವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯವು. ಅಕ್ಕಿ, ಬೇಳೆ, ಬೆಲ್ಲ, ಬಾಗಿನಕ್ಕೆ ಬೇಕಾದ ಮೊರ, ಬಳೆ, ರವಿಕೆಯ ಕಣ, ಎಲ್ಲವೂ ಒಂದೇ ಸೂರಿನಡಿಯಲ್ಲಿ ದೊರೆತವು. ಹಣ ಕೊಟ್ಟು ರಸೀದಿ ಪಡೆದಾಗ ಅಲ್ಲಿದ್ದ ಹುಡುಗಿ ನಗುತ್ತ ಮತ್ತೆ ಬರಬೇಕೆಂದು ಹೇಳಿದಳು. ಅದುವರೆಗೆ ನಮಗೆ ಯಾವ ಕೊರತೆಯೂ ಆಗಲಿಲ್ಲ.

ನೆಲಮಾಳಿಗೆಗೆ ಇಳಿದು ಕಾರಿನ ಕೀಲಿ ತಿರುವಿದೆ. ಟಕ್ ಎಂಬ ಒಂದು ಸದ್ದು. ಆಮೇಲೆ ಅದೂ ಇಲ್ಲ. ತಪ್ಪು ನನ್ನದೇ. ನೆಲಮಾಳಿಗೆ ಕತ್ತಲೆಂದು ದೀಪ ಹಾಕಿಕೊಂಡು ಕಾರನ್ನು ಒಳಗೆ ತಂದವನು ಅದನ್ನು ಆರಿಸುವುದನ್ನು ಮರೆತಿದ್ದೆ. ಮುಂದಿನ ಎರಡು ದೀಪಗಳೂ ಸೇರಿ ಸುಮಾರು ಹತ್ತು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. ಸಣ್ಣ ಕಾರಿನ ಬ್ಯಾಟರಿಯಲ್ಲಿ ಇರುವುದೇ 35 ಆಂಪಿಯರ್-ಗಂಟೆಯ ಆಸುಪಾಸು. ನನ್ನದು ನಾಲ್ಕು ವರ್ಷ ದುಡಿದ ಬ್ಯಾಟರಿ. ಎರಡು ಗಂಟೆಯಲ್ಲಿ ಅದು ಬರಿದಾದುದರಲ್ಲಿ ಆಶ್ಚರ್ಯವಿಲ್ಲ. ಆದುದರಿಂದ ಕಾರು ಕೆಟ್ಟುದಕ್ಕೆ ಅಂಗಡಿಯವರನ್ನು ನಾನು ಎಂದೂ ದೂರಿಲ್ಲ.

ನನ್ನ ಪತ್ನಿಗೆ ಆ ವರ್ಷವೇ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಅವಳನ್ನು ಕಾರಿನ ಬಳಿ ನಿಲ್ಲಿಸಿ ನಾನು ಮತ್ತೆ ಮೇಲಕ್ಕೆ ಹತ್ತಿದೆ. ನೆಲಮಾಳಿಗೆಯಲ್ಲಿ ಮೊಬೈಲು ಕೆಲಸ ಮಾಡುತ್ತಿರಲಿಲ್ಲ. ಅಂಗಡಿಯ ವ್ಯವಸ್ಥಾಪಕ ಎದೆಯ ಮೇಲೆ ‘ಮೇ ಐ ಹೆಲ್ಪ್ ಯೂ’ ಎಂಬ ಪಟ್ಟಿ ಧರಿಸಿದ್ದ ಸಭ್ಯ ಯುವಕ. ನನ್ನ ಮಾತನ್ನು ಪೂರ್ತಿ ಕೇಳಿದ. “ಸಾರ್, ಪಾರ್ಕಿಂಗ್ ನಮ್ಮದಲ್ಲ, ಕಂಟ್ರಾಕ್ಟರದು” ಎಂದ. ಕಂಟ್ರಾಕ್ಟರನ ಕಡೆಯ ಹುಡುಗ ಹೊರಬಾಗಿಲ ಗೂಡಿನಲ್ಲಿ ಕುಳಿತಿದ್ದ. ಅವನು ತನ್ನ ಕೆಲಸ ಚೀಟಿ ಕೊಡುವುದು, ಹಣ ವಸೂಲು ಮಾಡುವುದು ಎಂದ. ಚೀಟಿಯ ಹಿಂಬದಿಯನ್ನು ತೋರಿಸಿದ. ವಾಹನವನ್ನು ನಿಲ್ಲಿಸುವುದು ಮಾಲೀಕರ ಸ್ವಂತ ಹೊಣೆಯ ಮೇಲೆ ಎಂದು ಅಲ್ಲಿ ಅಚ್ಚಾಗಿತ್ತು. ಕೆಳಗೆ ನಿಂತಿದ್ದ ಕಾವಲಿನವನು ಇವರಿಬ್ಬರ ಕಡೆಯವನೂ ಅಲ್ಲ, ಮೂರನೆಯದೊಂದು ಏಜೆನ್ಸಿಯವನು. ನನ್ನ ಕಾರು ನಿಂತಿದ್ದ ಅಷ್ಟಗಲ ನೆಲಕ್ಕೆ ಹೀಗೆ ಮೂವರು ಒಡೆಯರು. ಹೊಣೆಗಾರ ಮಾತ್ರ ಒಬ್ಬನೂ ಇರಲಿಲ್ಲ. ಅಂಗಡಿಯ ಗ್ರಾಹಕಸೇವೆಯ ಸಂಖ್ಯೆಗೆ ಕರೆ ಮಾಡಿದೆ. ನನ್ನ ಕರೆ ಅವರಿಗೆ ಬಹಳ ಅಮೂಲ್ಯವಾದುದೆಂದು ಒಂದು ಧ್ವನಿ ಹನ್ನೊಂದು ನಿಮಿಷಗಳ ಕಾಲ ಹೇಳಿತು. ಅನಂತರ ಬಂದ ಮನುಷ್ಯಧ್ವನಿ ರಸೀದಿಯ ಸಂಖ್ಯೆ ಕೇಳಿ, ಕೊಂಡ ಪದಾರ್ಥದಲ್ಲಿ ಏನು ದೋಷವಿದೆಯೆಂದು ವಿಚಾರಿಸಿತು. ದೋಷವಿಲ್ಲವೆಂದೆ. ಹಾಗಾದರೆ ದೂರು ದಾಖಲಾಗುವುದಿಲ್ಲ ಎಂಬ ಉತ್ತರ ಬಂತು.

ವಿಮೆಯ ಕಂಪನಿಗೂ ಹೇಳಿದೆ. ಅವರು ಕಳುಹಿಸಿದ ಎಳೆಯುವ ಲಾರಿ ಒಂದೂವರೆ ಗಂಟೆಯ ಮೇಲೆ ಬಂತು. ನೆಲಮಾಳಿಗೆಯ ಬಾಯಲ್ಲಿ ಎತ್ತರ 2.1 ಮೀಟರ್ ಎಂಬ ಹಲಗೆ ತೂಗುತ್ತಿತ್ತು. ಲಾರಿ ಅದಕ್ಕಿಂತ ಎತ್ತರ. ಕಾರನ್ನು ರಸ್ತೆಗೆ ತಂದುಕೊಟ್ಟರೆ ಎಳೆದೊಯ್ಯುವೆನೆಂದು ಹೇಳಿ ಚಾಲಕ ಹೊರಟುಹೋದ. ಇತ್ತ ಗಂಟೆ ಕಳೆದಂತೆಲ್ಲ ನಿಲುಗಡೆಯ ಶುಲ್ಕ ಏರುತ್ತಿತ್ತು.

ಇಲ್ಲಿ ನನ್ನ ಬಗೆಗೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮೇಲೆ, ತಂಪು ಗಾಳಿಯಲ್ಲಿ ನಿಂತಿದ್ದ ವ್ಯವಸ್ಥಾಪಕನೊಡನೆ ನಾನು ಬಹುವಚನದಲ್ಲಿಯೇ ಮಾತನಾಡಿದ್ದೆ. ಕೆಳಗಿಳಿದು ಬಂದವನು ಕಾವಲಿನ ಆ ಹುಡುಗನ ಮೇಲೆ ಹರಿಹಾಯ್ದೆ. “ನಿನಗೆ ಸಂಬಳ ಕೊಡುವುದು ಯಾತಕ್ಕೆ? ಕಂಬದ ಹಾಗೆ ನಿಲ್ಲುವುದಕ್ಕೋ?” ಎಂದೆ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಬಾಯಿಂದ ಬಂದ ಮಾತು ಇದು. ಅವನು ಎದುರಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನು ಕೂರುವ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ತಂದು ನನ್ನ ಪತ್ನಿಯ ಮುಂದಿಟ್ಟು, “ಅಮ್ಮಾರೆ, ಕುಂದರ್ರಿ. ಕಾಲು ನೋಯ್ತಾವ ನಿಮಗ” ಎಂದ. ಮಾತಿನ ಧಾಟಿಯಿಂದ ರಾಯಚೂರಿನ ಕಡೆಯವನಿರಬೇಕು.

ಅಂಗಡಿ ಮುಚ್ಚುವ ಹೊತ್ತಾಯಿತು. ಒಂದೊಂದೇ ದೀಪ ಆರತೊಡಗಿತು. ಆಗ ತರಕಾರಿ ಇಳಿಸಿ ಬರುತ್ತಿದ್ದ ಟೆಂಪೋ ಚಾಲಕನೊಬ್ಬನನ್ನು ಆ ಹುಡುಗ ಕೂಗಿ ಕರೆದ. “ಬಾರಣ್ಣ, ಮುದುಕ್ರು ಸಿಕ್ಕೊಂಡಾರ” ಎಂದ. ಎರಡನೆಯ ಗೇರಿನಲ್ಲಿಟ್ಟು ಕ್ಲಚ್ ತುಳಿದಿರಲು ನನಗೆ ಹೇಳಿ ಇಬ್ಬರೂ ಸೇರಿ ಕಾರನ್ನು ತಳ್ಳಿದರು. ಮೂರನೆಯ ಸಲಕ್ಕೆ ಯಂತ್ರ ಹತ್ತಿಕೊಂಡಿತು. ಇಷ್ಟಕ್ಕೆ ಹಿಡಿದ ಕಾಲ ನಾಲ್ಕು ನಿಮಿಷ. ನಾನು ಕೊಡಹೋದ ಹಣವನ್ನು ಟೆಂಪೋ ಚಾಲಕ ಮುಟ್ಟಲಿಲ್ಲ. ಕಾವಲಿನ ಹುಡುಗ ಓಡಿ ತನ್ನ ಜಾಗಕ್ಕೆ ಹೋಗಿ ನಿಂತಿದ್ದ. ಬಿಟ್ಟುಬಂದ ಮಾತಿಗೆ ಕ್ಷಮೆ ಕೇಳುವುದಕ್ಕೂ ನಾನು ಇಳಿಯಲಿಲ್ಲ, ಕಾರು ಮತ್ತೆ ನಿಂತೀತೆಂಬ ಭಯದಿಂದ.

ಆ ಕ್ಷಮೆಯನ್ನು ಪತ್ರದಲ್ಲಿ ತುಂಬಿಕೊಡಬೇಕೆಂದು ಯೋಚಿಸಿದೆ. ಹಬ್ಬ ಮುಗಿದ ಮೇಲೆ ಅಂಗಡಿಯ ಮುಖ್ಯ ಕಚೇರಿಗೆ ಎರಡು ಪುಟದ ಕಾಗದ ಬರೆದೆ. ನಡೆದುದನ್ನೆಲ್ಲ ವಿವರಿಸಿ, ನಿಮ್ಮ ಸಂಸ್ಥೆಯ ಮಾನವನ್ನು ಅಂದು ಉಳಿಸಿದವನು ನಿಮ್ಮ ಕಾವಲಿನ ಹುಡುಗ, ತನ್ನ ಜಾಗ ಬಿಟ್ಟು ಬಂದು ನಮಗೆ ನೆರವಾದ, ಅವನನ್ನು ಗೌರವಿಸಿರಿ ಎಂದು ಕೊನೆಗೆ ಸೇರಿಸಿದೆ. ಎರಡು ವಾರಗಳ ಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲಿನ ಉತ್ತರ ಬಂತು. ನಮಗಾದ ಅನನುಕೂಲಕ್ಕೆ ಅವರು ವಿಷಾದಿಸಿದ್ದರು. ಕಾವಲಿನ ಸ್ಥಳವನ್ನು ಬಿಟ್ಟುಹೋದ ನೌಕರನನ್ನು ಅಲ್ಲಿಂದ ತೆಗೆದುಹಾಕಲಾಗಿದೆಯೆಂದು ತಿಳಿಸಿದ್ದರು.

ಮಿತ್ರರೆ, ಆ ಕಾಗದವನ್ನು ಓದಿದಾಗ ನನಗಾದುದನ್ನು ಹೇಗೆ ಹೇಳಲಿ? ನಾನು ಹೊಗಳಿಕೆಯೆಂದು ಬರೆದ ವಾಕ್ಯವನ್ನು ಅವರು ತಪ್ಪೊಪ್ಪಿಗೆಯೆಂದು ಓದಿದ್ದರು. ಅಂಗಡಿಗೆ ಧಾವಿಸಿದೆ. ಅವನು ಅಲ್ಲಿರಲಿಲ್ಲ. ಏಜೆನ್ಸಿಯವರನ್ನು ಕೇಳಿದರೆ, ಬೇರೆ ಕಡೆ ಹಾಕಿದ್ದೆವು, ಅಲ್ಲಿಂದ ಅವನೇ ಬಿಟ್ಟುಹೋದ ಎಂದರು. ಅವನ ಹೆಸರನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ.

ಆಗಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಆ ಅಂಗಡಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ವ್ಯವಸ್ಥಾಪಕ ಸಭ್ಯ, ಚೀಟಿಯ ಹುಡುಗ ಪ್ರಾಮಾಣಿಕ. ಪ್ರತಿಯೊಬ್ಬನೂ ತನಗೆ ಗೊತ್ತುಮಾಡಿದ್ದ ಕೆಲಸವನ್ನು ಸರಿಯಾಗಿಯೇ ಮಾಡಿದ. ಆದರೆ ಸಿಕ್ಕಿಬಿದ್ದ ಗಿರಾಕಿಗೆ ನೆರವಾಗುವುದು ಅವರಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ನೆರವು ಯಾರ ಕರ್ತವ್ಯವೂ ಅಲ್ಲದ ಕಡೆ ನೆರವಾದವನು ಅಪರಾಧಿಯಾಗುತ್ತಾನೆ. ನಾನು ಕಂಡುಕೊಂಡ ಸತ್ಯ ಇಷ್ಟೇ.

ಹಳೆಯ ಕಾಲ ಬಂಗಾರದ್ದೆಂದು ಹೇಳುವ ಚಪಲ ನನ್ನ ವಯಸ್ಸಿನವರಿಗೆ ಸಹಜ. ನಾನು ಹುಡುಗನಾಗಿದ್ದಾಗ ಸಂತೆಗೆ ಹೋಗಿದ್ದ ನಮ್ಮ ಗಾಡಿಯ ಅಚ್ಚು ದಿನಸಿ ಅಂಗಡಿಯ ಮುಂದೆಯೇ ಮುರಿಯಿತು. ಅಂಗಡಿಯ ಶೆಟ್ಟರು ಮೂಟೆಗಳನ್ನು ತಮ್ಮ ಜಗಲಿಗೆ ಹಾಕಿಸಿ, ಬಡಗಿಗೆ ಹೇಳಿಕಳುಹಿಸಿ, ಎತ್ತುಗಳಿಗೆ ಹುಲ್ಲು ಹಾಕಿಸಿದರು. ನನಗೊಂದು ಅಚ್ಚು ಬೆಲ್ಲ ಕೊಟ್ಟರು. ಅದೇ ಶೆಟ್ಟರು ಸಾಲದ ಬಡ್ಡಿಯಲ್ಲಿ ಒಂದು ಕಾಸನ್ನೂ ಬಿಡುತ್ತಿರಲಿಲ್ಲವೆಂಬುದೂ ನನಗೆ ಗೊತ್ತು. ಆದುದರಿಂದ ಅವರು ಒಳ್ಳೆಯವರು, ಇಂದಿನವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಭೇದವಿರುವುದು ಇನ್ನೊಂದೆಡೆ. ಶೆಟ್ಟರು ಅಂಗಡಿಯ ಒಡೆಯರೂ ಹೌದು, ಅದರ ಮುಂದೆ ಕುಳಿತವರೂ ಹೌದು. ಮುರಿದ ಅಚ್ಚನ್ನು ಕಂಡ ಕಣ್ಣೂ ಅಪ್ಪಣೆ ಕೊಟ್ಟ ಬಾಯಿಯೂ ಒಬ್ಬರದೇ ಆಗಿತ್ತು. ಇಂದು ಕಾಣುವವನಿಗೆ ಅಪ್ಪಣೆ ಕೊಡುವ ಅಧಿಕಾರವಿಲ್ಲ. ಅಧಿಕಾರವುಳ್ಳವನು ಕಾಣುವುದೇ ಇಲ್ಲ.

ಗಿರಾಕಿ ಎಂಬ ನಮ್ಮ ಮಾತು ಗ್ರಾಹಕ ಎಂಬುದರಿಂದಲೇ ಬಂದುದು. ಅಚ್ಚಕನ್ನಡದಲ್ಲಿ ವ್ಯಾಪಾರಕ್ಕೆ ಕೊಡುಕೊಳ್ಳುವಿಕೆ ಎನ್ನುತ್ತೇವೆ. ಹೆಣ್ಣು ಕೊಟ್ಟು ತರುವ ಮನೆತನಗಳ ನಡುವೆಯೂ ಕೊಡುಕೊಳ್ಳುವ ಸಂಬಂಧ ಎನ್ನುತ್ತೇವೆ. ಎರಡಕ್ಕೂ ಒಂದೇ ಮಾತನ್ನು ಇಟ್ಟ ಜನಕ್ಕೆ ಹಣ ಎಣಿಸಿದೊಡನೆ ಸಂಬಂಧ ಮುಗಿಯಿತೆಂಬ ಭಾವನೆ ಇದ್ದಿರಲಾರದು.

ಕಾನೂನು ಇಲ್ಲವೆ ಎಂದು ನೀವು ಕೇಳಬಹುದು. ಉಂಟು. ಗ್ರಾಹಕ ಸಂರಕ್ಷಣಾ ಅಧಿನಿಯಮ ಮೊದಲು 1986ರಲ್ಲಿ ಆಯಿತು. ಅದರ ಬದಲಿಗೆ ಬಂದ 2019ರ ಅಧಿನಿಯಮ 2020ರ ಜುಲೈ 20ರಂದು ಜಾರಿಗೆ ಬಂದಿತು. 1915 ಎಂಬ ಸಹಾಯವಾಣಿಯಿದೆ, ಜಿಲ್ಲೆಗಳಲ್ಲಿ ಆಯೋಗಗಳಿವೆ. ದೂರು ಕೊಡಲು ಎರಡು ವರ್ಷದ ಅವಧಿಯುಂಟು. ಚೀಟಿಯ ಹಿಂದೆ ಅಚ್ಚಾದ ಆ ವಾಕ್ಯವೂ ಪರಮಪ್ರಮಾಣವೇನಲ್ಲ. ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ 1998ರಲ್ಲಿ ಅತಿಥಿಯೊಬ್ಬರು ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟ ಕಾರು ಕಳವಾಯಿತು. ಆ ವ್ಯಾಜ್ಯದಲ್ಲಿ 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದನ್ನು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಚೀಟಿಯಲ್ಲಿ ಏನೇ ಅಚ್ಚಾಗಿದ್ದರೂ ತನ್ನ ವಶಕ್ಕೆ ಬಂದ ವಾಹನದ ವಿಷಯದಲ್ಲಿ ಅಜಾಗರೂಕತೆ ತೋರಿದ ಹೋಟೆಲು ಹೊಣೆಯಿಂದ ಪಾರಾಗಲಾರದೆಂಬುದು ಅದರ ಸಾರ. ಇದು ತೀರ ಹೊಸ ವಿಚಾರವೂ ಅಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರೆಯಲ್ಲಿಯೂ, ನಂಬಿ ಇನ್ನೊಬ್ಬನ ಕೈಗಿತ್ತ ವಸ್ತುವಿನ ಬಗೆಗೆ ಉಪನಿಧಿ ಎಂಬ ಪ್ರಕರಣವೇ ಇದೆ.

ಆದರೆ ನನ್ನ ಕಾರು ಕಳವಾಗಿರಲಿಲ್ಲ. ಅದರ ಕೀಲಿಯೂ ನನ್ನ ಬಳಿಯೇ ಇತ್ತು. ಕೆಟ್ಟ ಕಾರನ್ನು ನಡೆಸಿಕೊಡುವೆವೆಂದು ಅಂಗಡಿ ನನಗೆ ಮಾತು ಕೊಟ್ಟಿರಲಿಲ್ಲ. ಕೊಟ್ಟ ಮಾತಿಗೆ ತಪ್ಪಿದರೆ ಅದನ್ನು ಸೇವೆಯ ನ್ಯೂನತೆಯೆಂದು ಕಾನೂನು ಕರೆದೀತು. ಕೊಡದೆಹೋದ ಮಾತನ್ನು ಕುರಿತು ಅದು ಏನು ಹೇಳೀತು? ಅಲ್ಲಿಂದ ಮುಂದಿನದು ನಡತೆಯ ಕ್ಷೇತ್ರ.

ಈ ನಡತೆಯ ಅಗತ್ಯ ಈಗ ಹೆಚ್ಚಿದೆ. ಹಳೆಯ ಅಂಬಾಸಡರ್ ಕಾರು ನಿಂತರೆ ಮುಂಭಾಗದಲ್ಲಿ ಕಬ್ಬಿಣದ ಹಿಡಿ ತೂರಿಸಿ ತಿರುವಿ ನಡೆಸುತ್ತಿದ್ದರು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಹಿಡಿ ಅದಕ್ಕೂ ಮೊದಲೇ ಮರೆಯಾಗಿತ್ತು. ಗೇರು ತಾನೇ ಬದಲಾಗುವ ಈಗಿನ ಕಾರುಗಳನ್ನು ತಳ್ಳಿಯೂ ನಡೆಸಲಾಗುವುದಿಲ್ಲ. ಯಂತ್ರ ಜಾಣನಾದಷ್ಟೂ ಅದರ ಒಡೆಯ ಪರಾಧೀನ. ಹೀಗಿರುವಾಗ ನೂರಾರು ಕಾರುಗಳನ್ನು ನೆಲದಡಿಗೆ ಕರೆದುಕೊಳ್ಳುವ ಅಂಗಡಿ, ಅವುಗಳಲ್ಲಿ ಒಂದಾದರೂ ನಿಂತೀತೆಂದು ಎಣಿಸಬೇಡವೆ? ಅದಕ್ಕೆ ಬೇಕಾದುದೂ ಅಲ್ಪ. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಜೋಡಿಸುವ ಒಂದು ಜೊತೆ ತಂತಿ. ಹತ್ತಿರದ ಮೆಕ್ಯಾನಿಕನ ದೂರವಾಣಿ ಸಂಖ್ಯೆ ಬರೆದ ಒಂದು ಹಲಗೆ. ಕೂರಲು ಒಂದು ಕುರ್ಚಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಕಷ್ಟದಲ್ಲಿರುವವರಿಗಾಗಿ ನಾಲ್ಕು ನಿಮಿಷ ಜಾಗ ಬಿಡಬಹುದೆಂದು ಕಾವಲಿನವನಿಗೆ ಒಂದು ಸಾಲಿನ ಅಪ್ಪಣೆ. ಇದನ್ನೆಲ್ಲ ಎರಡನೆಯ ಪತ್ರದಲ್ಲಿ ಬರೆದೆ. ಸಲಹೆಯನ್ನು ಗಮನಿಸಲಾಗಿದೆಯೆಂದು ಉತ್ತರ ಬಂತು.

ಗಿರಾಕಿಗಳಾದ ನಮಗೂ ಒಂದು ಮಾತು. ವ್ಯವಸ್ಥೆಯ ಮೇಲಿನ ಕೋಪವನ್ನು ಕೈಗೆ ಸಿಕ್ಕವನ ಮೇಲೆ ತೀರಿಸಿಕೊಳ್ಳುವುದು ಸುಲಭ. ನಾನು ಹಾಗೆ ಮಾಡಿದೆ. ದೂರುವಾಗಲಿ ಹೊಗಳುವಾಗಲಿ ನಮ್ಮ ಮಾತು ಯಾರ ಅನ್ನಕ್ಕೆ ತಗಲುತ್ತದೆಂದು ಮೊದಲೇ ಯೋಚಿಸಬೇಕೆಂಬುದನ್ನು ನಾನು ತಡವಾಗಿ ಕಲಿತೆ.

ಆ ದೀಪಾವಳಿಗೆ ಮತ್ತೆ ಅಲ್ಲಿಗೆ ಹೋಗಿದ್ದೆ. ಹಲಗೆಯಾಗಲಿ ತಂತಿಯಾಗಲಿ ಕಾಣಲಿಲ್ಲ. ಕೆಳಗೆ ಹೊಸ ಹುಡುಗನೊಬ್ಬ ನಿಂತಿದ್ದ. “ಇಲ್ಲಿ ಯಾರದಾದರೂ ಕಾರು ಕೆಟ್ಟರೆ ಏನು ಮಾಡುತ್ತೀಯಪ್ಪ?” ಎಂದು ಕೇಳಿದೆ. “ಮೇಲಿನವರಿಗೆ ಹೇಳ್ತೀನಿ ಸಾರ್. ಜಾಗ ಬಿಟ್ಟು ಹೋಗೋ ಹಾಗಿಲ್ಲ” ಎಂದ. ಒಂದು ಕ್ಷಣ ತಡೆದು, “ಮುಂಚೆ ಇದ್ದವನು ಯಾರಿಗೋ ಸಹಾಯ ಮಾಡಕ್ಕೆ ಹೋಗಿ ಕೆಲಸ ಕಳಕೊಂಡನಂತೆ” ಎಂದ.

ಆ ಯಾರೋ ನಾನೇ ಎಂದು ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅದನ್ನು ಇಂದು ನಿಮಗೆ ಹೇಳಿದ್ದೇನೆ.