ಯೂರೋಪಿನ ಗಟ್ಟಿಮರದ ವ್ಯಾಪಾರ



ಹೊಲದ ಬದುವಿನ ಹಲಸನ್ನು ನಿಂತ ಮರವಾಗಿಯೇ ಮಾರುವುದು ಲೇಸೋ, ಹಲಗೆ ಕೊಯ್ಯಿಸಿ ಮಾರುವುದು ಲೇಸೋ, ಅದರ ಜಾಗದಲ್ಲಿ ಬೇರೊಂದು ಸಸಿಯನ್ನು ನೆಡಬೇಕೋ ಬೇಡವೋ ಎಂಬ ವಿಚಾರವು ತಮ್ಮೆಲ್ಲರಿಗೂ ಒದಗುವುದಷ್ಟೆ. ಯೂರೋಪಿನ ರಾಜ್ಯಗಳು ಇದೇ ವಿಚಾರವನ್ನು ಶತಮಾನಗಳಿಂದ ಎದುರಿಸಿವೆ. ಅವುಗಳ ಲಾಭನಷ್ಟಗಳನ್ನು ಹೋಲಿಸಿ ಅರಿಕೆ ಮಾಡುವೆನು.

ನಮಗೆ ತೇಗವು ಹೇಗೋ ಅವರಿಗೆ ಓಕ್ ಮರವು ಹಾಗೆ. ಹಡಗು, ಮನೆ, ಪೀಪಾಯಿ, ಎಲ್ಲಕ್ಕೂ ಅದೇ ಬೇಕು.

ಮೊದಲು ಪೋಲೆಂಡನ್ನು ನೋಡೋಣ. 14ನೇ ಶತಮಾನದಿಂದ ವಿಸ್ತುಲಾ ನದಿಯ ಮೂಲಕ ಡಾನ್ಜಿಗ್ ರೇವಿಗೆ ಬಂದ ಓಕ್ ಹಲಗೆಗಳು ಇಂಗ್ಲೆಂಡಿಗೂ ಫ್ಲಾಂಡರ್ಸಿಗೂ ಹೋಗುತ್ತಿದ್ದವು. ಅಲ್ಲಿಯ ಚಿತ್ರಗಾರರು ಈ ಹಲಗೆಗಳ ಮೇಲೆಯೇ ಚಿತ್ರ ಬರೆದರು. ಹಲಗೆಯಲ್ಲಿರುವ ವರ್ಷದ ಬಳೆಗಳನ್ನು ಅಳೆದು, ಅದು ಯಾವ ಸೀಮೆಯ ಮರವೆಂದು ಈಗ ಗುರುತಿಸುವರು. 17ನೇ ಶತಮಾನದ ಮಧ್ಯಭಾಗದಿಂದೀಚೆಗೆ ಬಾಲ್ಟಿಕ್ ಸೀಮೆಯ ಓಕ್ ಆ ಚಿತ್ರಗಳಲ್ಲಿ ಕಾಣದಾಗುತ್ತದೆ. ಕಾಡು ಕ್ಷೀಣಿಸಿದುದೂ ಯುದ್ಧಗಳೂ ಇದಕ್ಕೆ ಕಾರಣವೆಂದು ವಿದ್ವಾಂಸರು ಹೇಳುವರು.

ಹಾಲೆಂಡಿನ ಸ್ಥಿತಿ ಬೇರೆ. ಅಲ್ಲಿ ಹೇಳಿಕೊಳ್ಳುವಂತಹ ಕಾಡಿರಲಿಲ್ಲ. ಆದರೆ ಕಾರ್ನೆಲಿಸ್ ಕಾರ್ನೆಲಿಸ್‌ಜೂನ್ ಎಂಬಾತನು ಗಾಳಿಯಂತ್ರದಿಂದ ಮರ ಕೊಯ್ಯುವ ವಿಧಾನವನ್ನು ಕಂಡುಹಿಡಿದು, 1593ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ರೈನ್ ನದಿಯಲ್ಲಿ ತೆಪ್ಪಗಳಾಗಿ ತೇಲಿಬಂದ ಜರ್ಮನಿಯ ದಿಮ್ಮಿಗಳನ್ನು ಕೊಯ್ದು, ಡಚ್ಚರು ಹಡಗು ಕಟ್ಟಿ ಮಾರಿದರು. ಮರ ಬೆಳೆದವರಿಗೆ ದಿಮ್ಮಿಯ ಬೆಲೆ ಮಾತ್ರ ಸಿಕ್ಕಿತು; ಕೊಯ್ದವರಿಗೆ ಕುಶಲತೆಯ ಬೆಲೆಯೂ ಸಿಕ್ಕಿತು.

ಇಂಗ್ಲೆಂಡಿನಲ್ಲಿ ಜಾನ್ ಈವ್ಲಿನ್ ಎಂಬಾತನು 1664ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ಮರ ನೆಡಬೇಕೆಂದು ಜಮೀನುದಾರರನ್ನು ಒತ್ತಾಯಿಸಿದನು. ಆದರೂ ದೇಶವು ಹೊರಗಿನ ಮರವನ್ನೇ ಬಹುವಾಗಿ ನೆಚ್ಚಿತು. 1807ರ ಬಳಿಕ ನೆಪೋಲಿಯನ್ನನ ತಡೆಯಿಂದ ಬಾಲ್ಟಿಕ್ ವ್ಯಾಪಾರ ಕುಗ್ಗಲು, ಕೆನಡಾದ ಮರಕ್ಕೆ ಮೊರೆಹೋಗಬೇಕಾಯಿತು. ನಮ್ಮ ನೆರೆಯ ಮಲಬಾರಿನ ತೇಗವೂ ಅವರ ನೌಕಾಪಡೆಗೆ ಒದಗಿತು. 1817ರಲ್ಲಿ ಮುಂಬಯಿಯಲ್ಲಿ ಆ ತೇಗದಿಂದ ಕಟ್ಟಿದ ‘ಟ್ರಿಂಕೊಮಲೀ’ ಎಂಬ ಯುದ್ಧನೌಕೆಯು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬಲ್ಲಿದೆ. ಮೊದಲನೆಯ ಮಹಾಯುದ್ಧದಲ್ಲಿ ಮತ್ತೆ ಮರದ ಅಭಾವ ತಲೆದೋರಿದ ಮೇಲೆ, 1919ರಲ್ಲಿ ಸರ್ಕಾರವು ಅರಣ್ಯ ಮಂಡಲಿಯನ್ನು ಸ್ಥಾಪಿಸಿತು.

ಫ್ರಾನ್ಸಿನಲ್ಲಿ ಮಂತ್ರಿ ಕೋಲ್ಬೆರನು 1669ರ ಶಾಸನದಿಂದ ಕಡಿತಕ್ಕೆ ಕಟ್ಟುಪಾಡು ವಿಧಿಸಿದನು. ನೌಕಾಪಡೆಗೆಂದು ತ್ರೋನ್‌ಸೇ ಕಾಡಿನಲ್ಲಿ ಓಕ್ ಬೆಳೆಸಿದರು. ಮುಂದೆ ಹಡಗುಗಳು ಕಬ್ಬಿಣದವಾದರೂ ಮರವು ವ್ಯರ್ಥವಾಗಲಿಲ್ಲ. ಆ ಓಕನ್ನು ಎಳೆಯ ಜಾಡಿನಲ್ಲಿ ಸೀಳಿ, ಎರಡು ಮೂರು ವರ್ಷ ಗಾಳಿಮಳೆಗೆ ಒಡ್ಡಿ ಹದಮಾಡಿ ಕಟ್ಟಿದ ದ್ರಾಕ್ಷಾರಸದ ಪೀಪಾಯಿಗಳು ಈಗ ದೇಶಾಂತರಗಳಲ್ಲಿ ಹೆಚ್ಚಿನ ಬೆಲೆ ಪಡೆಯುತ್ತವೆ. ಆದರೆ ಈ ಶತಮಾನದಲ್ಲಿ ಚೀನಾದವರು ಓಕ್ ದಿಮ್ಮಿಗಳನ್ನೇ ಹೇರಳವಾಗಿ ಕೊಳ್ಳತೊಡಗಲು, ಫ್ರಾನ್ಸಿನ ಮರಕೊಯ್ಯುವ ಕಾರ್ಖಾನೆಗಳವರು ತಮಗೆ ಕೆಲಸವಿಲ್ಲದಂತಾಗುವುದೆಂದು ದೂರಿದರು.

ಮಾರುಕಟ್ಟೆಯ ನಡತೆಯೂ ಬದಲಾಗಿದೆ. 2013ರಿಂದ ಯೂರೋಪಿಯನ್ ಒಕ್ಕೂಟದಲ್ಲಿ ಅಕ್ರಮವಾಗಿ ಕಡಿದ ಮರದ ಮಾರಾಟ ನಿಷಿದ್ಧವಾಯಿತು. 2022ರಲ್ಲಿ ಯುದ್ಧದ ಕಾರಣ ರಷ್ಯಾ ಮತ್ತು ಬೆಲಾರುಸಿನ ಮರಕ್ಕೂ ಬಾಗಿಲು ಮುಚ್ಚಿತು.

ಆದಕಾರಣ ತಾವು ಮನಸ್ಸಿಗೆ ತಂದುಕೊಳ್ಳತಕ್ಕ ಅಂಶಗಳು ಮೂರು:

1. ಕಡಿದ ಮರದ ಜಾಗದಲ್ಲಿ ಆ ಮಳೆಗಾಲದಲ್ಲೇ ಸಸಿ ನೆಡತಕ್ಕದ್ದು.

2. ಕೊಯ್ತದ ಕೂಲಿಯನ್ನೂ ಹಲಗೆಯ ಬೆಲೆಯನ್ನೂ ವಿಚಾರಿಸಿದ ಮೇಲೆಯೇ ವರ್ತಕನೊಡನೆ ಮಾತಾಡತಕ್ಕದ್ದು.

3. ಕಡಿಯಲು ಪಡೆದ ಅನುಮತಿಯ ಕಾಗದವನ್ನು ಜೋಪಾನವಾಗಿಡತಕ್ಕದ್ದು.

ಗಟ್ಟಿಮರವು ನೆಟ್ಟವನ ಕಾಲದಲ್ಲಿ ಬಲಿಯುವುದು ಅಪರೂಪ. ತ್ರೋನ್‌ಸೇಯಲ್ಲಿ ನೆಟ್ಟವರು ಪೀಪಾಯಿಯನ್ನು ನೆನೆದವರಲ್ಲ. ಆದರೂ ಅವರ ಮರಿಮಕ್ಕಳ ಕಾಲಕ್ಕೆ ಮರವಿತ್ತು.